ಥಾಮಸ್ ಲಿಂಕನ್ನನ ಚರಿತ್ರೆ: ಐತಿಹ್ಯವೂ ದಾಖಲೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ೧೬ನೆಯ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ನನ ಹೆಸರನ್ನು ಕೇಳದವರು ವಿರಳ. ಆತನ ತಂದೆಯಾದ ಥಾಮಸ್ ಲಿಂಕನ್ನನ ವಿಷಯದಲ್ಲಿ ಹೀಗೆ ಹೇಳುವಂತಿಲ್ಲ. ಮಗನ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಆತನು ಒಂದೆರಡು ಪುಟಗಳಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾನೆ. ಅಷ್ಟರಲ್ಲಿಯೇ, ಆತನು ಸೋಮಾರಿ, ಅಕ್ಷರಶೂನ್ಯ, ಒಂದು ಕಡೆ ನೆಲೆನಿಲ್ಲದ ಅಲೆಮಾರಿ ಎಂಬ ಚಿತ್ರವೊಂದು ಓದುಗನ ಮನಸ್ಸಿನಲ್ಲಿ ಅಚ್ಚೊತ್ತಿಬಿಡುತ್ತದೆ. ಈ ಚಿತ್ರವು ಎಲ್ಲಿಂದ ಬಂದಿತು, ಇದಕ್ಕೆ ಆಧಾರವೇನು, ಊರೂರಿನ ಕಚೇರಿಗಳಲ್ಲಿ ಉಳಿದುಬಂದಿರುವ ಕಾಗದಪತ್ರಗಳು ಇದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಪ್ರಸಿದ್ಧನಾದ ಮಗನಿಲ್ಲದಿದ್ದರೆ ಈ ಥಾಮಸನು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೆಂಟಕಿಯಿಂದ ಇಂಡಿಯಾನಕ್ಕೂ ಅಲ್ಲಿಂದ ಇಲಿನಾಯ್ ಪ್ರಾಂತಕ್ಕೂ ವಲಸೆಹೋದ ಸಾವಿರಾರು ಬೇಸಾಯಗಾರರಲ್ಲಿ ಒಬ್ಬನಾಗಿ ಮರೆತುಹೋಗುತ್ತಿದ್ದನು. ಅಂತಹ ಸಾಮಾನ್ಯನೊಬ್ಬನ ಜೀವನವನ್ನು ಎಷ್ಟು ದೂರ ಹಿಂಬಾಲಿಸಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಗಲಾರದು.

ಮೊದಲು ಸಾಮಗ್ರಿಯ ಮಾತು. ಆ ಮಧ್ಯಪಶ್ಚಿಮ ಪ್ರಾಂತಗಳಲ್ಲಿ ಆ ಕಾಲಕ್ಕೆ ಜನನಮರಣಗಳನ್ನು ಬರೆದಿಡುವ ಸರಕಾರೀ ಪದ್ಧತಿಯಿರಲಿಲ್ಲ. ಕೆಂಟಕಿಯಲ್ಲಿ ಅದು ಮೊದಲಾದದ್ದು ೧೮೫೨ರಲ್ಲಿ, ಇಲಿನಾಯ್‌ಯಲ್ಲಿ ೧೮೭೭ರಲ್ಲಿ, ಇಂಡಿಯಾನದಲ್ಲಿ ೧೮೮೨ರಲ್ಲಿ. ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಖಾನೇಷುಮಾರಿಯೂ ೧೮೪೦ರವರೆಗೆ ಮನೆಯ ಯಜಮಾನನ ಹೆಸರೊಂದನ್ನೇ ಬರೆದು, ಉಳಿದವರನ್ನು ವಯಸ್ಸಿಗೆ ತಕ್ಕಂತೆ ಬರಿಯ ಅಂಕಿಗಳಾಗಿ ತೋರಿಸುತ್ತಿದ್ದಿತು. ಮನೆಯವರೆಲ್ಲರ ಹೆಸರನ್ನೂ ಬರೆದದ್ದು ೧೮೫೦ರಲ್ಲಿ ಮೊದಲು. ಹೀಗಿರಲು, ಅದಕ್ಕೆ ಹಿಂದಿನ ಹೆಂಗಸರೂ ಮಕ್ಕಳೂ ಶೋಧಕನ ಕಣ್ಣಿಗೆ ಬೀಳುವುದು ಬಹು ಕಷ್ಟ. ಉಳಿದಿರುವುವು ಕ್ರಯಪತ್ರಗಳು, ಕಂದಾಯದ ಪಟ್ಟಿಗಳು, ಮದುವೆಯ ಮುಚ್ಚಳಿಕೆಗಳು, ನ್ಯಾಯಾಲಯದ ವ್ಯಾಜ್ಯಗಳ ಕಡತಗಳು, ಅಂಗಡಿಯವರ ಲೆಕ್ಕದ ಪುಸ್ತಕಗಳು. ನಮ್ಮಲ್ಲಿ ಶಾಸನಕ್ಕಿರುವ ಸ್ಥಾನವನ್ನು ಅಲ್ಲಿ ಕೌಂಟಿಯೆಂಬ ಚಿಕ್ಕ ಆಡಳಿತವಿಭಾಗದ ದಫ್ತರಗಳು ಹಿಡಿದಿವೆ ಎನ್ನಬಹುದು. ಇವುಗಳಿಗೆ ಪ್ರತಿಯಾಗಿ ನಿಂತಿರುವುದು ನೆನಪಿನಿಂದ ಹೇಳಿದ ಮಾತು.

ನೆನಪಿನಿಂದ ಹೇಳಿದವರಲ್ಲಿ ಮೊದಲನೆಯವನು ಮಗನೇ. ಅಬ್ರಹಾಂ ಲಿಂಕನ್ನನು ೧೮೫೯ರಲ್ಲಿ ಒಂದು, ೧೮೬೦ರಲ್ಲಿ ಮತ್ತೊಂದು, ಹೀಗೆ ಎರಡು ಸಂಕ್ಷಿಪ್ತ ಆತ್ಮವೃತ್ತಾಂತಗಳನ್ನು ಬರೆದುಕೊಟ್ಟನು. ಎರಡೂ ಚುನಾವಣೆಯ ಕಾಲಕ್ಕಾಗಿ ಕೇಳಿ ಬರೆಸಿಕೊಂಡವು. ತಂದೆಯ ವಿಷಯದಲ್ಲಿ ಅವುಗಳ ಧ್ವನಿ ತಣ್ಣಗಿದೆ: ಆತನಿಗೆ ವಿದ್ಯೆಯೇ ಇರಲಿಲ್ಲ, ಬರವಣಿಗೆಯೆಂದರೆ ತಪ್ಪುತಪ್ಪಾಗಿ ತನ್ನ ಹೆಸರನ್ನು ಗೀಚುವಷ್ಟೆ ಎಂಬುದು ಅವುಗಳ ಸಾರಾಂಶ. ಅಜ್ಜನ ವಿಷಯವಾಗಿ ಬರೆಯುತ್ತ, ಆತನು ೧೭೮೧ ಅಥವಾ ೧೭೮೨ರ ಸುಮಾರಿಗೆ ವರ್ಜೀನಿಯದಿಂದ ಕೆಂಟಕಿಗೆ ಬಂದನೆಂದೂ, ಒಂದೆರಡು ವರ್ಷಗಳಲ್ಲಿ ಕಾಡಿನಲ್ಲಿ ಹೊಲವನ್ನು ಮಾಡುತ್ತಿರುವಾಗ ಆ ನೆಲದ ಮೂಲನಿವಾಸಿಗಳ ಕೈಯಿಂದ ಹತನಾದನೆಂದೂ, ಆಗ ತನ್ನ ತಂದೆಯು ಆರು ವರ್ಷದ ಹುಡುಗನೆಂದೂ ಹೇಳಿದನು. ದಾಖಲೆಗಳಿಂದ ತಿಳಿದುಬರುವುದು ಬೇರೆ. ಈ ಅಜ್ಜನೂ ಅಬ್ರಹಾಂ ಲಿಂಕನ್ನನೇ, ವರ್ಜೀನಿಯದ ರಾಕಿಂಗಂ ಕೌಂಟಿಯವನು. ಈತನು ಹತನಾದದ್ದು ೧೭೮೬ರ ಮೇ ತಿಂಗಳಲ್ಲಿ, ಲೂಯಿವಿಲ್ ಪಟ್ಟಣಕ್ಕೆ ಪೂರ್ವದಲ್ಲಿರುವ ತನ್ನ ಜಮೀನಿನಲ್ಲಿ. ಥಾಮಸನು ಹುಟ್ಟಿದ್ದು ೧೭೭೮ರ ಜನವರಿ ೬ರಂದು ಎಂದು ಇಟ್ಟುಕೊಂಡರೆ ಆಗ ಆತನಿಗೆ ಎಂಟು ವರ್ಷ ತುಂಬಿದ್ದಿತು.

ಎರಡು ವರ್ಷಗಳ ಈ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ಥಾಮಸನ ಬಾಳನ್ನು ತಿದ್ದಿದ್ದೇ ಈ ಇಸವಿ. ಕೆಂಟಕಿಯು ಆಗ ವರ್ಜೀನಿಯದ ಭಾಗವಾಗಿದ್ದಿತು. ತಂದೆಯು ಮರಣಶಾಸನವಿಲ್ಲದೆ ಸತ್ತರೆ ಭೂಮಿಯೆಲ್ಲವೂ ಹಿರಿಯ ಮಗನಿಗೇ ಸೇರತಕ್ಕದ್ದೆಂಬ ಹಳೆಯ ಇಂಗ್ಲಿಷ್ ನ್ಯಾಯವು ಅಲ್ಲಿ ನಡೆಯುತ್ತಿದ್ದಿತು. ಅದನ್ನು ತೆಗೆದುಹಾಕಿದ ಶಾಸನವು ೧೭೮೫ರಲ್ಲಿಯೇ ಅಂಗೀಕೃತವಾಗಿದ್ದರೂ ಆಚರಣೆಗೆ ಬಂದದ್ದು ೧೭೮೭ರ ಜನವರಿ ೧ರಿಂದ. ತಂದೆಯು ಇನ್ನು ಎಂಟು ತಿಂಗಳು ಬದುಕಿದ್ದರೆ ಥಾಮಸನಿಗೆ ಪಾಲು ಬರುತ್ತಿದ್ದಿತು. ಆತನು ಬದುಕಲಿಲ್ಲ; ಭೂಮಿಯು ಹಿರಿಯಣ್ಣನಾದ ಮೊರ್ಡಿಕೈಗೆ ಹೋಯಿತು. ಈ ಮೊರ್ಡಿಕೈಯೇ ಮನೆಯೊಳಗಿಂದ ಗುಂಡು ಹಾರಿಸಿ, ತಂದೆಯ ಹೆಣದ ಬಳಿಯಲ್ಲಿದ್ದ ತಮ್ಮನನ್ನು ಉಳಿಸಿದವನೆಂದು ಆ ಮನೆತನದ ಕಥೆ. ಅಬ್ರಹಾಂ ಲಿಂಕನ್ನನು ೧೮೫೪ರ ಒಂದು ಕಾಗದದಲ್ಲಿ, ತಾನು ಕೇಳಿದ ಐತಿಹ್ಯಗಳಲ್ಲೆಲ್ಲ ಇದೇ ಮನಸ್ಸಿಗೆ ಹೆಚ್ಚಾಗಿ ನಾಟಿದ್ದೆಂದು ಬರೆದನು. ಕಥೆಯು ನೆನಪಿನಲ್ಲಿ ಉಳಿಯಿತು, ಇಸವಿಯು ಜಾರಿತು. ಐತಿಹ್ಯದ ಸ್ವಭಾವವೇ ಹೀಗೆ.

ವಂಶದ ಮೂಲವನ್ನು ಅರಸಿ ಮೊದಲು ಪತ್ರ ಬರೆದವನೂ ಅಬ್ರಹಾಂ ಲಿಂಕನ್ನನೇ. ೧೮೪೮ರಲ್ಲಿ ಆತನು ಕಾಂಗ್ರೆಸ್ ಸಭೆಯ ಸದಸ್ಯನಾಗಿದ್ದಾಗ ಮ್ಯಾಸಚೂಸೆಟ್ಸಿನ ಹಿಂಗಂ ಊರಿನ ಸಾಲೊಮನ್ ಲಿಂಕನ್ನನಿಗೂ, ವರ್ಜೀನಿಯದಲ್ಲಿ ಉಳಿದಿದ್ದ ಡೇವಿಡ್ ಲಿಂಕನ್ನನಿಗೂ ಪ್ರಶ್ನೆಗಳನ್ನು ಕಳುಹಿಸಿದನು. ಅಬ್ರಹಾಂ, ಮೊರ್ಡಿಕೈ, ಥಾಮಸ್ ಎಂಬ ಹೆಸರುಗಳು ಎರಡು ಕಡೆಯಲ್ಲಿಯೂ ಮತ್ತೆ ಮತ್ತೆ ಬರುವುದನ್ನು ಆತನು ಗಮನಿಸಿದನು. ಆದರೆ ಕೊಂಡಿಯು ಸಿಕ್ಕಲಿಲ್ಲ. ಅದು ಸಿಕ್ಕಿದ್ದು ಆತನು ಸತ್ತಮೇಲೆ. ೧೬೩೭ರಲ್ಲಿ ಇಂಗ್ಲೆಂಡಿನಿಂದ ಬಂದು ಹಿಂಗಂನಲ್ಲಿ ನೆಲೆನಿಂತ ಸಾಮ್ಯುಯೆಲ್, ಅವನ ಮಗ ಮೊರ್ಡಿಕೈ, ಅವನ ಮಗನಾಗಿ ಪೆನ್ಸಿಲ್ವೇನಿಯಕ್ಕೆ ಹೋದ ಇಮ್ಮಡಿ ಮೊರ್ಡಿಕೈ, ಅವನ ಮಗನಾಗಿ ವರ್ಜೀನಿಯಕ್ಕೆ ಹೋದ ಜಾನ್, ಅವನ ಮಗ ಮೇಲ್ಕಂಡ ಅಜ್ಜ ಅಬ್ರಹಾಂ, ಅವನ ಮಗ ಥಾಮಸ್: ಹೀಗೆ ಈ ವಂಶಾವಳಿಯು ನಿಂತಿದೆ. ಇದನ್ನು ಸ್ಥಾಪಿಸುವುದಕ್ಕೆ ಅಡ್ಡಿಯಾದುದು ಅಕ್ಷರಸಂಯೋಜನೆ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ೧೭೮೦ರಲ್ಲಿ ಅಜ್ಜನು ಕೆಂಟಕಿಯಲ್ಲಿ ೪೦೦ ಎಕರೆಗೆ ಪಡೆದ ಹಕ್ಕುಪತ್ರದಲ್ಲಿ ಆತನ ಹೆಸರು 'ಲಿಂಕ್‌ಹಾರ್ನ್' ಎಂದಿದೆ. ಈ ಒಂದು ರೂಪದಿಂದಲೇ, ಈ ಮನೆತನವು ಮೂಲದಲ್ಲಿ ಲಿಂಕನ್ನರದಲ್ಲವೆಂದು ವಾದಿಸಿದವರೂ ಉಂಟು! ಉಚ್ಚಾರಣೆಯ ಭೇದವನ್ನು ಜಾತಿಭೇದವೆಂದು ಎಣಿಸಿದರೆ ಆಗುವ ಅನರ್ಥವಿದು. ಇದಲ್ಲದೆ ಹೆಸರಿನ ಸಾಮ್ಯವೂ ತೊಡಕು ತರುತ್ತದೆ. ಅಜ್ಜನ ತಮ್ಮನೊಬ್ಬನ ಹೆಸರೂ ಥಾಮಸ್ ಲಿಂಕನ್ ಎಂದೇ. ಅವನು ಕೆಂಟಕಿಯ ಫೆಯೆಟ್ ಕೌಂಟಿಯಲ್ಲಿ ಭಟ್ಟಿಯಿಟ್ಟುಕೊಂಡು, ಹೆಂಡತಿಯೊಡನೆ ನ್ಯಾಯಾಲಯದ ಮೆಟ್ಟಿಲು ಹತ್ತಿದವನು. ಕೌಂಟಿಯ ಹೆಸರನ್ನು ನೋಡದೆ ದಾಖಲೆಯನ್ನು ಕೈಗೆತ್ತಿಕೊಂಡವನು ಚಿಕ್ಕಪ್ಪನ ಬಾಳನ್ನು ಅಣ್ಣನ ಮಗನಿಗೆ ಅಂಟಿಸಿಬಿಡುವ ಸಂಭವವುಂಟು.

ಈಗ ಮುಖ್ಯವಾದ ಸಾಕ್ಷಿಗೆ ಬರೋಣ. ಅಬ್ರಹಾಂ ಲಿಂಕನ್ನನ ವಕೀಲಿಯಲ್ಲಿ ೧೮೪೪ರಿಂದ ಪಾಲುಗಾರನಾಗಿದ್ದ ವಿಲಿಯಂ ಹರ್ನ್‌ಡನ್ನನು, ೧೮೬೫ರಲ್ಲಿ ಸ್ನೇಹಿತನ ಕೊಲೆಯಾದ ಕೂಡಲೇ, ಅವನನ್ನು ಬಲ್ಲವರೆಲ್ಲರನ್ನೂ ಕಂಡು, ಕಾಗದ ಬರೆದು, ಹೇಳಿಕೆಗಳನ್ನು ಸಂಗ್ರಹಿಸತೊಡಗಿದನು. ಆತನ ಶ್ರಮವನ್ನು ಯಾರೂ ಹಳಿಯುವಂತಿಲ್ಲ. ಅದಿಲ್ಲದಿದ್ದರೆ ಲಿಂಕನ್ನನ ಬಾಲ್ಯವು ನಮಗೆ ಕತ್ತಲೆಯಾಗಿರುತ್ತಿದ್ದಿತು. ಆದರೆ ತಂದೆಯ ವಿಷಯದಲ್ಲಿ ಆತನಿಗೆ ಹೆಚ್ಚು ಹೇಳಿದವನು ಡೆನ್ನಿಸ್ ಹ್ಯಾಂಕ್ಸ್, ತಾಯಿಯ ಕಡೆಯ ನಂಟ, ಮಾತುಗಾರ, ತನ್ನ ಪ್ರಾಮುಖ್ಯವನ್ನು ಬೆಳೆಸಿ ಹೇಳುವವನು. ಹೇಳಿದ್ದು ನಾಲ್ಕೈದು ದಶಕಗಳ ಹಿಂದಿನ ಸಂಗತಿ. ಕೇಳಿದವನಿಗಾದರೋ, ಇಷ್ಟು ದೊಡ್ಡವನು ಇಷ್ಟು ಹೀನವಾದ ನೆಲದಿಂದ ಹೇಗೆ ಎದ್ದನೆಂದು ತೋರಿಸುವ ಹಂಬಲ. ಮಗನು ಎತ್ತರವಾಗಿ ಕಾಣಬೇಕಾದರೆ ತಂದೆಯು ಕುಳ್ಳಾಗಬೇಕಾಯಿತು. ಹರ್ನ್‌ಡನ್ನನ ಸಂಗ್ರಹದಿಂದಲೇ ಹುಟ್ಟಿದ ಲ್ಯಾಮನ್ನನ ಚರಿತ್ರೆಯು ೧೮೭೨ರಲ್ಲಿ ಪ್ರಕಟವಾಯಿತು. ಅದರಲ್ಲಿ, ಥಾಮಸನಿಗೂ ನ್ಯಾನ್ಸಿ ಹ್ಯಾಂಕ್ಸಳಿಗೂ ವಿಧಿಪೂರ್ವಕವಾದ ಮದುವೆಯೇ ಆಗಿತ್ತೋ ಇಲ್ಲವೋ ಎಂಬ ಸಂದೇಹವು ಅಚ್ಚಿಗೆ ಬಂದಿತು. ಹರ್ನ್‌ಡನ್ನನ ಸ್ವಂತ ಗ್ರಂಥವು ೧೮೮೯ರಲ್ಲಿ ಹೊರಬಂದಿತು.

ಮದುವೆಯ ಈ ಸಂದೇಹವು ಹೇಗೆ ಹುಟ್ಟಿತು, ಹೇಗೆ ಅಳಿಯಿತು ಎಂಬುದು ಶೋಧಕರೆಲ್ಲರೂ ತಿಳಿಯಬೇಕಾದ ವಿಷಯ. ಥಾಮಸನು ವಾಸವಾಗಿದ್ದುದು ಕೆಂಟಕಿಯ ಹಾರ್ಡಿನ್ ಕೌಂಟಿಯ ಎಲಿಜಬೆತ್‌ಟೌನಿನಲ್ಲಿ. ಆದುದರಿಂದ ಎಲ್ಲರೂ ಅಲ್ಲಿಯ ದಫ್ತರಗಳನ್ನೇ ಹುಡುಕಿದರು. ಅಲ್ಲಿ ಸಿಕ್ಕಿದ್ದು ೧೮೧೯ರ ಡಿಸೆಂಬರ್ ೨ರಂದು ಸಾರಾ ಬುಷ್ ಜಾನ್‌ಸ್ಟನ್ ಎಂಬ ವಿಧವೆಯೊಡನೆ ಆದ ಎರಡನೆಯ ಮದುವೆಯ ದಾಖಲೆ ಮಾತ್ರ. ೧೮೬೦ರಲ್ಲಿ ಆ ಊರಿನ ಹಳೆಯ ಗುಮಾಸ್ತನಾದ ಸಾಮ್ಯುಯೆಲ್ ಹೇಕ್ರಾಫ್ಟನು ಈ ಸಾರಾಳೇ ಲಿಂಕನ್ನನ ತಾಯಿಯೆಂದು ಭಾವಿಸಿ ಕಾಗದ ಬರೆದಾಗ, ಲಿಂಕನ್ನನು ಅದು ತಪ್ಪೆಂದು ತಿಳಿಸಿ, ತನ್ನ ತಾಯಿಯ ಹೆಸರು ನ್ಯಾನ್ಸಿ ಹ್ಯಾಂಕ್ಸ್ ಎಂದು ಉತ್ತರ ಕೊಟ್ಟನು. ಆದರೆ ಮದುವೆಯ ಪತ್ರವು ಎಲ್ಲಿದೆಯೆಂಬುದು ಆತನಿಗೂ ಗೊತ್ತಿರಲಿಲ್ಲ. ಮದುವೆಯು ಹೆಣ್ಣಿನ ಕಡೆಯವರ ಊರಿನಲ್ಲಿ ಆಗುತ್ತದೆಂಬ ಸರಳವಾದ ಮಾತನ್ನು ಯಾರೂ ನೆನೆಯಲಿಲ್ಲ. ನ್ಯಾನ್ಸಿಯು ಬೆಳೆದದ್ದು ಪಕ್ಕದ ವಾಷಿಂಗ್ಟನ್ ಕೌಂಟಿಯಲ್ಲಿ. ೧೮೭೦ರ ದಶಕದಲ್ಲಿ ಆ ಕೌಂಟಿಯ ಕಚೇರಿಯಿರುವ ಸ್ಪ್ರಿಂಗ್‌ಫೀಲ್ಡಿನಲ್ಲಿ (ಇದು ಲಿಂಕನ್ನನು ವಕೀಲಿ ನಡೆಸಿದ ಇಲಿನಾಯ್‌ಯ ಸ್ಪ್ರಿಂಗ್‌ಫೀಲ್ಡ್ ಅಲ್ಲ) ಕಟ್ಟುಗಳನ್ನು ಬಿಚ್ಚಿ ನೋಡಲು, ೧೮೦೬ರ ಜೂನ್ ೧೦ರಂದು ಥಾಮಸನೂ ರಿಚರ್ಡ್ ಬೆರಿ ಎಂಬವನೂ ಸೇರಿ ೫೦ ಪೌಂಡಿಗೆ ಬರೆದುಕೊಟ್ಟ ಮುಚ್ಚಳಿಕೆಯೂ, ಜೂನ್ ೧೨ರಂದು ತಾನು ಮದುವೆ ಮಾಡಿಸಿದೆನೆಂದು ಜೆಸ್ಸಿ ಹೆಡ್ ಎಂಬ ಪಾದ್ರಿಯು ಕಳುಹಿಸಿದ ವರದಿಯೂ ದೊರೆತವು. ಮೊದಲನೆಯ ಮಗಳಾದ ಸಾರಾ ಹುಟ್ಟಿದ್ದು ೧೮೦೭ರ ಫೆಬ್ರವರಿ ೧೦ರಂದು, ಅಬ್ರಹಾಂ ಹುಟ್ಟಿದ್ದು ೧೮೦೯ರ ಫೆಬ್ರವರಿ ೧೨ರಂದು. ಆ ಮುಚ್ಚಳಿಕೆಯಲ್ಲಿ ಥಾಮಸನ ಸಹಿಯೂ ಇದೆ. ಇದಾದಮೇಲೂ ಲಿಂಕನ್ನನಿಗೆ ಬೇರೆ ಬೇರೆ ತಂದೆಗಳನ್ನು ಕಲ್ಪಿಸುವ ಗಾಳಿಮಾತುಗಳು ನಿಲ್ಲಲಿಲ್ಲ. ಅವನ್ನು ಒಂದೊಂದಾಗಿ ಎತ್ತಿಕೊಂಡು ವಿಲಿಯಂ ಬಾರ್ಟನ್ನನು ೧೯೨೦ರಲ್ಲಿ ಒಂದು ಇಡೀ ಗ್ರಂಥದಲ್ಲಿ ಖಂಡಿಸಬೇಕಾಯಿತು.

ಥಾಮಸನ ಸ್ವಂತ ನಡತೆಯ ಪ್ರಶ್ನೆಗೆ ಉತ್ತರವನ್ನು ಹುಡುಕಿದವನು ಲೂಯಿ ವಾರೆನ್. ಈತನು ಕೆಂಟಕಿಯಲ್ಲಿ ನೆಲಸಿದ್ದು, ಕೌಂಟಿ ಕಚೇರಿಗಳ ಧೂಳು ಹಿಡಿದ ಕಡತಗಳನ್ನು ಒಂದೊಂದಾಗಿ ಓದಿ, ೧೯೨೬ರಲ್ಲಿ ಲಿಂಕನ್ನನ ತಂದೆತಾಯಿಗಳನ್ನೂ ಬಾಲ್ಯವನ್ನೂ ಕುರಿತು ಗ್ರಂಥವನ್ನು ಪ್ರಕಟಿಸಿದನು. ಆತನು ಹೊರತೆಗೆದ ಪತ್ರಗಳಲ್ಲಿ ಭೂಮಿಯ ಪತ್ರಗಳೇ ಅತ್ಯಂತ ಮುಖ್ಯವಾದುವು.

೧೮೦೩ರಲ್ಲಿ, ಅಂದರೆ ಮದುವೆಗೆ ಮೂರು ವರ್ಷ ಮೊದಲು, ಥಾಮಸನು ಮಿಲ್ ಕ್ರೀಕ್ ಎಂಬಲ್ಲಿ ೨೩೮ ಎಕರೆಯನ್ನು ೧೧೮ ಪೌಂಡಿಗೆ ಕೊಂಡನು. ಪಿತ್ರಾರ್ಜಿತವಿಲ್ಲದೆ, ಕೂಲಿಯಿಂದಲೂ ಮರಗೆಲಸದಿಂದಲೂ ಜೀವಿಸುತ್ತಿದ್ದ ೨೫ ವರ್ಷದ ಯುವಕನಿಗೆ ಇದು ಅಲ್ಪವಲ್ಲ. ೧೮೧೪ರಲ್ಲಿ ಆ ಜಮೀನನ್ನು ೧೦೦ ಪೌಂಡಿಗೆ ಮಾರಿದನು. ಹನ್ನೊಂದು ವರ್ಷ ಇಟ್ಟುಕೊಂಡು ನಷ್ಟಕ್ಕೆ ಮಾರಿದವನು ಅಯೋಗ್ಯನಲ್ಲವೆ ಎಂದು ಯಾರಾದರೂ ಕೇಳಬಹುದು. ಕ್ರಯಪತ್ರವನ್ನು ಪೂರ್ತಿ ಓದಿದರೆ ಉತ್ತರವು ದೊರೆಯುತ್ತದೆ: ಮಾರಿದ್ದು ೨೦೦ ಎಕರೆ. ಅಳತೆಯ ದೋಷದಿಂದ ೩೮ ಎಕರೆಯು ಮಾಯವಾಗಿದ್ದಿತು. ಕೊಂಡಾಗಲೂ ಮಾರಿದಾಗಲೂ ಎಕರೆಗೆ ಬಿದ್ದದ್ದು ಸುಮಾರು ೧೦ ಷಿಲಿಂಗು; ಬೆಲೆಯು ಇಳಿಯಲಿಲ್ಲ, ನೆಲವೇ ಕರಗಿತು. ೧೮೦೮ರಲ್ಲಿ ಆತನು ೨೦೦ ಡಾಲರಿಗೆ ಕೊಂಡ ಸುಮಾರು ೩೦೦ ಎಕರೆಯ ಸಿಂಕಿಂಗ್ ಸ್ಪ್ರಿಂಗ್ ಜಮೀನು, ಅಂದರೆ ಅಬ್ರಹಾಂ ಲಿಂಕನ್ನನ ಜನ್ಮಸ್ಥಳ, ಹಿಂದಿನವರು ತೀರಿಸದೆ ಬಿಟ್ಟಿದ್ದ ಸಾಲದ ವ್ಯಾಜ್ಯದಲ್ಲಿ ಕೈಬಿಟ್ಟಿತು. ಮೂರನೆಯದು ನಾಬ್ ಕ್ರೀಕಿನ ಹೊಲ. ಅಲ್ಲಿಯ ೧೦,೦೦೦ ಎಕರೆಯೂ ತಮ್ಮದೆಂದು ಫಿಲಡೆಲ್ಫಿಯದ ವಾರಸುದಾರರು ದಾವೆ ಹೂಡಿ, ಥಾಮಸನನ್ನೂ ನೆರೆಯ ಬೇಸಾಯಗಾರರನ್ನೂ ಒಕ್ಕಲೆಬ್ಬಿಸಲು ಯತ್ನಿಸಿದರು. ಥಾಮಸನ ದಾವೆಯನ್ನೇ ಎಲ್ಲರ ಪರವಾಗಿ ವಿಚಾರಣೆಗೆ ತೆಗೆದುಕೊಂಡರು. ೧೮೧೮ರಲ್ಲಿ ತೀರ್ಪು ಆತನ ಪಕ್ಷಕ್ಕೇ ಬಂದಿತು. ಆದರೆ ಅಷ್ಟರಲ್ಲಿ ಆತನು ಕೆಂಟಕಿಯನ್ನು ಬಿಟ್ಟು ಒಂದೂವರೆ ವರ್ಷವಾಗಿದ್ದಿತು.

ಮೂರು ಜಮೀನುಗಳಿಗೂ ಹೀಗೇಕಾಯಿತೆಂಬುದನ್ನು ವಿವರಿಸದೆ ಮುಂದುವರಿಯಲಾಗದು. ಕೆಂಟಕಿಯಲ್ಲಿ ಭೂಮಿಯನ್ನು ಮೊದಲು ಅಳೆದು ಆಮೇಲೆ ಹಂಚಲಿಲ್ಲ. ಹಕ್ಕುಪತ್ರ ಪಡೆದವನು ತಾನೇ ಹೋಗಿ, ಈ ಓಕ್ ಮರದಿಂದ ಆ ಹಳ್ಳದವರೆಗೆ, ಅಲ್ಲಿಂದ ಇನ್ನೊಬ್ಬನ ಮೂಲೆಗಲ್ಲಿನವರೆಗೆ ಎಂದು ಚಕ್ಕುಬಂದಿ ಹಾಕಿಸುತ್ತಿದ್ದನು. ಮರವು ಬಿದ್ದುಹೋಗುತ್ತಿದ್ದಿತು, ಹಳ್ಳವು ದಾರಿ ಬದಲಿಸುತ್ತಿದ್ದಿತು, ಒಬ್ಬನ ಹಕ್ಕಿನ ಮೇಲೆ ಇನ್ನೊಬ್ಬನ ಹಕ್ಕು ಹಾಸುತ್ತಿದ್ದಿತು. ವಕೀಲರಿಗೆ ಹೊರತು ಇನ್ನಾರಿಗೂ ಅದರಿಂದ ಸುಖವಾಗಲಿಲ್ಲ. ತಂದೆಯು ಕೆಂಟಕಿಯನ್ನು ಬಿಟ್ಟದ್ದು ಸ್ವಲ್ಪಮಟ್ಟಿಗೆ ಗುಲಾಮಗಿರಿಯ ಕಾರಣದಿಂದ, ಮುಖ್ಯವಾಗಿ ಭೂಮಿಯ ಹಕ್ಕಿನ ತೊಡಕಿನಿಂದ ಎಂದು ಮಗನು ೧೮೬೦ರಲ್ಲಿ ಬರೆದ ಮಾತಿಗೆ ಈ ಕಡತಗಳು ಅಕ್ಷರಶಃ ಸಾಕ್ಷಿ ಹೇಳುತ್ತವೆ. ಇಸವಿಯಲ್ಲಿ ಜಾರಿದ ನೆನಪು ಕಾರಣದಲ್ಲಿ ಜಾರಲಿಲ್ಲ. ಆದುದರಿಂದ ಐತಿಹ್ಯವನ್ನು ಒಂದೇ ಮಾತಿನಲ್ಲಿ ತಳ್ಳಿಬಿಡುವುದೂ ನ್ಯಾಯವಲ್ಲ.

ಇತರ ಪತ್ರಗಳೂ ಅಲೆಮಾರಿಯ ಚಿತ್ರಕ್ಕೆ ಒಪ್ಪುವುದಿಲ್ಲ. ೧೮೧೪ರ ಕಂದಾಯದ ಪಟ್ಟಿಯಲ್ಲಿ ೯೮ ಮಂದಿ ಆಸ್ತಿವಂತರ ನಡುವೆ ಥಾಮಸನು ೧೫ನೆಯವನು. ಎಲಿಜಬೆತ್‌ಟೌನಿನ ವರ್ತಕರ ಲೆಕ್ಕದ ಪುಸ್ತಕದಿಂದ, ೧೮೦೬ರ ವಸಂತದಲ್ಲಿ ಆತನು ಅವರ ಸರಕನ್ನು ದೋಣಿಯಲ್ಲಿ ನ್ಯೂ ಆರ್ಲಿಯನ್ಸಿಗೆ ಸಾಗಿಸಿದನೆಂದೂ, ಆ ಹಣದಿಂದ ಮದುವೆಗೆ ಮುಂಚೆ ಸಾಮಾನುಗಳನ್ನು ಕೊಂಡನೆಂದೂ ತಿಳಿದುಬರುತ್ತದೆ. ಆತನು ನ್ಯಾಯಾಲಯದಲ್ಲಿ ಜೂರಿಯಾಗಿ ಕುಳಿತನು, ಊರಿನ ದಂಡಿನಲ್ಲಿ ಸೇವೆ ಮಾಡಿದನು, ರಸ್ತೆಯ ಮೇಲ್ವಿಚಾರಕನಾಗಿ ನೇಮಕಗೊಂಡನು. ಗಿರಣಿಗೆ ತೊಲೆಗಳನ್ನು ಕೆತ್ತಿಕೊಟ್ಟಾಗ, ಅವು ಸರಿಯಾಗಿ ಚೌಕವಾಗಿಲ್ಲವೆಂದು ಯಜಮಾನನು ಕೂಲಿ ಕೊಡದಿರಲು, ಥಾಮಸನು ವ್ಯಾಜ್ಯ ಹೂಡಿ ಗೆದ್ದನು. ಆತನ ಕೈಯಿಂದಾದ ಬೀರುಗಳು ಇಂದಿಗೂ ಉಳಿದಿವೆ. ಅವನ್ನು ನೋಡಿದವರು ಮಾಡಿದವನನ್ನು ಒರಟು ಕೆಲಸದವನೆನ್ನಲಾರರು.

೧೮೧೬ರ ಡಿಸೆಂಬರಿನಲ್ಲಿ ಸಂಸಾರವು ಒಹೈಯೊ ನದಿಯನ್ನು ದಾಟಿ ಇಂಡಿಯಾನವನ್ನು ಸೇರಿತು. ಆ ಪ್ರಾಂತವು ಸಂಸ್ಥಾನವಾಗಿ ಒಕ್ಕೂಟಕ್ಕೆ ಸೇರಿದ್ದೂ ಅದೇ ತಿಂಗಳು. ಇಲ್ಲಿ ಭೂಮಿಯ ವ್ಯವಸ್ಥೆಯೇ ಬೇರೆ. ೧೭೮೫ರ ಶಾಸನದ ಮೇರೆಗೆ ಸರಕಾರವು ಮಾರುವುದಕ್ಕೆ ಮೊದಲೇ ನೆಲವನ್ನು ಆರಾರು ಮೈಲಿಯ ಚೌಕಗಳನ್ನಾಗಿ ಅಳೆಸಿ, ಒಂದೊಂದು ಚೌಕವನ್ನೂ ೬೪೦ ಎಕರೆಯ ೩೬ ಭಾಗಗಳನ್ನಾಗಿ ಕತ್ತರಿಸಿ, ಎಲ್ಲಕ್ಕೂ ಸಂಖ್ಯೆ ಕೊಟ್ಟಿದ್ದಿತು. ಥಾಮಸನು ೧೮೧೭ರ ಅಕ್ಟೋಬರ್ ೧೫ರಂದು ವಿನ್ಸೆನ್ಸ್ ಊರಿನ ಭೂಕಚೇರಿಗೆ ಹೋಗಿ ೩೨ನೆಯ ಭಾಗದ ನೈರುತ್ಯ ಕಾಲನ್ನು, ಅಂದರೆ ೧೬೦ ಎಕರೆಯನ್ನು, ತನ್ನ ಹೆಸರಿಗೆ ಬರೆಸಿದನು. ಎಕರೆಗೆ ೨ ಡಾಲರಿನಂತೆ ೩೨೦ ಡಾಲರು. ಅದರ ಕಾಲುಪಾಲಾದ ೮೦ ಡಾಲರನ್ನು ಆ ವರ್ಷವೇ ಕಟ್ಟಿದನು. ಉಳಿದದ್ದನ್ನು ಕಟ್ಟುವುದು ಆತನಿಂದಾಗಲಿಲ್ಲ. ಸಾಲಗಾರರಿಗೆ ಸರಕಾರವು ಕೊಟ್ಟ ಸವಲತ್ತಿನಂತೆ ಅರ್ಧವನ್ನು ಬಿಟ್ಟುಕೊಟ್ಟು, ೮೦ ಎಕರೆಗೆ ೧೮೨೭ರಲ್ಲಿ ಪೂರ್ಣವಾದ ಹಕ್ಕುಪತ್ರವನ್ನು ಪಡೆದನು. ಇದನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ಓದುಗರೇ ನಿರ್ಣಯಿಸಬಹುದು. ಬಾಳಿನಲ್ಲಿ ಮೊದಲನೆಯ ಸಲ ಯಾರೂ ಅಲ್ಲಗಳೆಯಲಾಗದ ನೆಲವು ಆತನದಾಯಿತೆಂಬುದು ಮಾತ್ರ ನಿಜ.

ಆ ನೆಲದಲ್ಲಿಯೇ ೧೮೧೮ರ ಅಕ್ಟೋಬರ್ ೫ರಂದು ನ್ಯಾನ್ಸಿಯು ತೀರಿಕೊಂಡಳು. ಬಿಳಿಯ ಹೂ ಬಿಡುವ ಒಂದು ಕಾಡುಗಿಡವನ್ನು ಮೇಯ್ದ ಹಸುವಿನ ಹಾಲಿನಿಂದ ಬರುವ ವಿಷವು ಆಕೆಯ ಮರಣಕ್ಕೆ ಕಾರಣ. 'ಹಾಲುಬೇನೆ' ಎಂಬ ಈ ರೋಗವು ಆ ಕಾಲದ ಕಾಡುಸೀಮೆಗಳಲ್ಲಿ ಎಷ್ಟೋ ಮನೆಗಳನ್ನು ಬರಿದುಮಾಡಿತು. ಹೆಂಡತಿಗೆ ಶವಪೆಟ್ಟಿಗೆಯನ್ನು ಮಾಡಿದವನು ಥಾಮಸನೇ. ಮರುವರ್ಷ ಆತನು ಎಲಿಜಬೆತ್‌ಟೌನಿಗೆ ಹೋಗಿ ಸಾರಾಳನ್ನು ಮದುವೆಯಾಗಿ, ಆಕೆಯ ಮೂವರು ಮಕ್ಕಳೊಡನೆ ಕರೆತಂದನು. ಈ ಮಲತಾಯಿಯು ಹುಡುಗನಿಗೆ ನಿಜವಾದ ತಾಯಿಯಾದಳೆಂಬುದರಲ್ಲಿ ಐತಿಹ್ಯವೂ ದಾಖಲೆಯೂ ಮಗನ ಮಾತೂ ಏಕವಾಗಿವೆ. ಮಗಳು ಸಾರಾ ೧೮೨೮ರಲ್ಲಿ ಹೆರಿಗೆಯಲ್ಲಿ ಸತ್ತಳು.

೧೮೩೦ರಲ್ಲಿ ಸಂಸಾರವು ಇಲಿನಾಯ್‌ಯ ಮೇಕನ್ ಕೌಂಟಿಗೂ, ಮರುವರ್ಷ ಕೋಲ್ಸ್ ಕೌಂಟಿಗೂ ಹೋಯಿತು. ಇಲ್ಲಿಂದ ಮುಂದೆ ವಾರೆನ್ನನ ಪಕ್ಷದವರು ಮಾತು ಕಡಮೆ ಮಾಡುತ್ತಾರೆ. ಅದು ಸರಿಯಲ್ಲ. ಇಲಿನಾಯ್‌ಯ ದಾಖಲೆಗಳು ತೋರಿಸುವುದು ಇಳಿಗಾಲವನ್ನು. ೧೮೪೧ರಲ್ಲಿ ಮಗನು ತಂದೆಯಿಂದ ೪೦ ಎಕರೆಯನ್ನು ೨೦೦ ಡಾಲರಿಗೆ ಕೊಂಡು, ತಂದೆತಾಯಿಗಳು ಬದುಕಿರುವವರೆಗೆ ಅದನ್ನು ಅವರೇ ಅನುಭವಿಸತಕ್ಕದ್ದೆಂದು ಬರೆದುಕೊಟ್ಟನು. ಎಂದರೆ ಇದ್ದ ನೆಲವನ್ನು ಅವರಿಗೇ ಉಳಿಸಿಕೊಟ್ಟನು. ೧೮೪೮ರಲ್ಲಿ ತಂದೆಯು ೨೦ ಡಾಲರನ್ನು ಬೇಡಿದಾಗ ಹಣವನ್ನು ಕಳುಹಿಸಿದನು, ಆದರೆ ಕಾರಣವನ್ನು ನಂಬದ ಧಾಟಿಯಲ್ಲಿ. ಹರ್ನ್‌ಡನ್ನನು ೧೮೬೫ರಲ್ಲಿ ಕಂಡ ಸಾಕ್ಷಿಗಳ ಕಣ್ಣಿನಲ್ಲಿದ್ದವನು ಈ ಮುದಿ ಥಾಮಸ್. ಕೆಂಟಕಿಯ ಪಟ್ಟಿಯಲ್ಲಿ ೧೫ನೆಯವನಾಗಿದ್ದ ಯುವಕನಲ್ಲ. ಕೊನೆಯ ಇಪ್ಪತ್ತು ವರ್ಷದ ಬಡತನವನ್ನು ಇಡೀ ಬಾಳಿಗೆ ಬಳಿದದ್ದೇ ಅವರ ದೋಷವೆಂದು ನನಗೆ ತೋರುತ್ತದೆ; ಸುಳ್ಳು ಹೇಳಿದರೆಂದಲ್ಲ.

ನ್ಯಾನ್ಸಿಯ ಹುಟ್ಟಿನ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಆಕೆಯು ಲೂಸಿ ಹ್ಯಾಂಕ್ಸ್ ಎಂಬವಳಿಗೆ ಮದುವೆಗೆ ಮುಂಚೆ ಹುಟ್ಟಿದವಳೆಂದು ಲಿಂಕನ್ನನೇ ತನಗೆ ಒಮ್ಮೆ ಗಾಡಿಯಲ್ಲಿ ಹೋಗುತ್ತ ಹೇಳಿದನೆಂಬುದು ಹರ್ನ್‌ಡನ್ನನ ಹೇಳಿಕೆ. ಬಾರ್ಟನ್ನನು ಇದನ್ನು ಒಪ್ಪಿದನು. ವಾರೆನ್ನನು ಒಪ್ಪದೆ, ಲೂಸಿಯು ಹ್ಯಾಂಕ್ಸ್ ಮನೆತನದ ಮಗಳಲ್ಲ, ಆ ಮನೆತನದ ಜೇಮ್ಸನ ವಿಧವೆ, ಆದುದರಿಂದ ನ್ಯಾನ್ಸಿಯ ಹುಟ್ಟಿನಲ್ಲಿ ಕಳಂಕವಿಲ್ಲ ಎಂದು ಸಾಧಿಸಿದನು. ದಫ್ತರಗಳಿಂದ ಇದು ಬಗೆಹರಿಯಲಿಲ್ಲ. ತಾಯಿಯಿಂದ ಮಗಳಿಗೆ ಇಳಿಯುವ ದೇಹಧಾತುವಿನ ಲಕ್ಷಣವನ್ನು ಪರೀಕ್ಷಿಸುವ ವಿಜ್ಞಾನವು ಬಂದ ಮೇಲೆ, ಲೂಸಿಯ ಮತ್ತು ಹ್ಯಾಂಕ್ಸ್ ಮನೆಯ ಇತರ ಹೆಣ್ಣುಮಕ್ಕಳ ಸಂತತಿಯವರನ್ನು ಹೋಲಿಸಿ ನೋಡಿ ೨೦೧೫ರಲ್ಲಿ ಪ್ರಕಟಿಸಿದ ಶೋಧನೆಯು, ಲೂಸಿಯು ಆ ಮನೆತನದ ಮಗಳೇ ಹೊರತು ಸೊಸೆಯಲ್ಲವೆಂಬ ಪಕ್ಷಕ್ಕೆ ಬಲವನ್ನು ಕೊಟ್ಟಿತು. ತಂದೆಯ ವಿಷಯದಲ್ಲಿ ಎಡವಿದ ಹರ್ನ್‌ಡನ್ನನು ತಾಯಿಯ ವಿಷಯದಲ್ಲಿ ಸರಿಯಾಗಿಯೇ ಕೇಳಿಸಿಕೊಂಡಿದ್ದನೆಂದು ಒಪ್ಪಬೇಕಾಗಿದೆ. ಭೂಮಿಯ ವಿಷಯದಲ್ಲಿ ಗೆದ್ದ ವಾರೆನ್ನನು ವಂಶದ ವಿಷಯದಲ್ಲಿ, ಗೌರವವನ್ನು ಕಾಪಾಡುವ ಆಸೆಯಿಂದ, ಪತ್ರಗಳಿಗೆ ಅವು ಹೇಳದ ಮಾತನ್ನು ಹೇಳಿಸಿದನು. ನ್ಯಾನ್ಸಿಯ ತಂದೆಯು ಯಾರೆಂಬುದು ಇನ್ನೂ ನಿರ್ಣಯವಾಗದೆ ಉಳಿದಿದೆ.

ಥಾಮಸನು ೧೮೫೧ರ ಜನವರಿ ೧೭ರಂದು ಕೋಲ್ಸ್ ಕೌಂಟಿಯಲ್ಲಿ ತೀರಿಕೊಂಡನು. ಐದು ದಿನ ಮೊದಲು, ಮಗನು ಮಲತಮ್ಮನಿಗೆ ಕಾಗದ ಬರೆದು, ಹೆಂಡತಿಯು ಹಾಸಿಗೆ ಹಿಡಿದಿರುವುದರಿಂದ ತಾನು ಬರಲಾರೆನೆಂದೂ, ಈಗ ಭೇಟಿಯಾದರೆ ಅದು ಸುಖಕ್ಕಿಂತ ದುಃಖಕ್ಕೇ ಹೆಚ್ಚಾಗಿ ಕಾರಣವಾದೀತೋ ಏನೋ ಎಂದೂ ತಿಳಿಸಿದ್ದನು. ಅಂತ್ಯಕ್ರಿಯೆಗೂ ಆತನು ಹೋಗಲಿಲ್ಲ. ಈ ಕಾಗದದ ಮುಂದೆ ಕಂದಾಯದ ಪಟ್ಟಿಯನ್ನು ಹಿಡಿದು ವಾದಿಸುವುದರಿಂದ ಫಲವಿಲ್ಲ. ತಂದೆಮಕ್ಕಳ ನಡುವೆ ಇದ್ದದ್ದನ್ನು ಯಾವ ಗುಮಾಸ್ತನೂ ಬರೆದಿಡಲಿಲ್ಲ. ಆದರೆ ಅದೇ ವರ್ಷ ಮಗನು ಮನೆತನದ ಬೈಬಲಿನಲ್ಲಿ ಜನನ, ವಿವಾಹ, ಮರಣಗಳ ಪಟ್ಟಿಯನ್ನು ತನ್ನ ಕೈಯಿಂದಲೇ ಬರೆದನು. ತಂದೆಯು ಸತ್ತಾಗ ಆತನಿಗೆ ೭೩ ವರ್ಷ ೧೧ ದಿನ ಎಂದು ಲೆಕ್ಕಹಾಕಿ ಬರೆದಿದ್ದಾನೆ. ೧೭೭೮ರ ಜನವರಿ ೬ ಎಂಬ ಜನ್ಮದಿನಕ್ಕೆ ನಮಗಿರುವ ಆಧಾರವು ಈ ಹಾಳೆಯೇ. ೧೮೫೩ರಲ್ಲಿ ಹುಟ್ಟಿದ ಕಡೆಯ ಮಗನಿಗೆ ಆತನು ಥಾಮಸ್ ಎಂದು ಹೆಸರಿಟ್ಟನು. ಅಧ್ಯಕ್ಷಪದವಿಗೆ ಹೊರಡುವ ಮುನ್ನ, ೧೮೬೧ರ ಜನವರಿಯ ಕೊನೆಯಲ್ಲಿ, ಕೋಲ್ಸ್ ಕೌಂಟಿಗೆ ಹೋಗಿ ಮಲತಾಯಿಯನ್ನು ಕಂಡು, ತಂದೆಯ ಸಮಾಧಿಯನ್ನೂ ನೋಡಿ ಬಂದನು. ಅಲ್ಲಿ ಆಗ ಕಲ್ಲಿರಲಿಲ್ಲ. ಅದನ್ನು ನೆಟ್ಟದ್ದು ೧೮೮೦ರಲ್ಲಿ.